ಹಿಟ್ಟು ಹೆಚ್ಚಾಗ್ಯಾದ

ಸರ್ ತೀರಿಕೊಂಡ ಸುದ್ದಿ ನಮಗೆ ಬಂದದ್ದು ವಾಟ್ಸಾಪ್ ಗುಂಪಿನಲ್ಲಿ, ಅದೂ ಅವರ ನಂಬರಿನಿಂದಲೇ. "ಅಪಾರ ಸೇವೆ ಸಲ್ಲಿಸಿದ ನಮ್ಮ ಚಿಕ್ಕಪ್ಪ ನಿನ್ನೆ ನಿಧನರಾದರು" ಎಂದು ಅವರ ಅಣ್ಣನ ಮಗ ಬರೆದು ಹಾಕಿದ್ದ. ಒಂದು ಕ್ಷಣ ನನಗೆ ಸರ್ ತಾವೇ ತಮ್ಮ ಸುದ್ದಿ ತಿಳಿಸಿದ್ದಾರೆ ಅನ್ನಿಸಿತು. ಅವರ ಸ್ವಭಾವಕ್ಕೆ ಅದು ಒಪ್ಪುವಂಥದ್ದೇ. ಕೆಳಗೆ ಒಬ್ಬೊಬ್ಬರಾಗಿ ಕೈಮುಗಿದ ಚಿತ್ರ ಹಾಕಿದೆವು. ಅಂಬರಾಯ ಅವಸರದಲ್ಲಿ ಹೆಬ್ಬೆರಳು ಎತ್ತಿದ ಚಿತ್ರ ಹಾಕಿ, ಹತ್ತು ನಿಮಿಷದ ಮೇಲೆ ಅಳಿಸಿ, "ಕ್ಷಮಾ ಇರ್ಲಿ, ಗಾಡಿ ಹೊಡ್ಯಾಕತ್ತಿದ್ದೆ" ಎಂದು ಬರೆದ. ಸರ್ ಇದ್ದಿದ್ದರೆ ಅಂಬರಾಯನಿಗೆ ಏನೂ ಅನ್ನುತ್ತಿರಲಿಲ್ಲ. ಅಣ್ಣನ ಮಗನನ್ನು ಮಾತ್ರ ಕೇಳುತ್ತಿದ್ದರು: "ಅಪಾರ ಅಂದ್ರೆ ಎಷ್ಟು?"

ಈ 'ಎಷ್ಟು' ಅವರ ಬಾಯಲ್ಲಿ ಸದಾ ಇರುತ್ತಿತ್ತು. ಭಾಳ ಕೆಲಸ ಅದರಿ ಅಂದರೆ, ಬಹಳ ಅಂದ್ರೆ ಎಷ್ಟು? ಜಲ್ದಿ ಮಾಡ್ತೇವ್ರಿ ಅಂದರೆ, ಜಲ್ದಿ ಅಂದ್ರೆ ಎಷ್ಟು ಗಂಟೆಗೆ? ಒಮ್ಮೆ ಕಾಶೀಬಾಯಿ, "ಮನ್ಯಾಗ ಜರಾ ತ್ರಾಸ್ ಅದರಿ ಸರ್" ಅಂದಾಗ ಕೂಡ ಪೆನ್ನು ತೆಗೆದು, "ಜರಾ ಅಂದ್ರೆ ಎಷ್ಟು? ಒಂದು ದಿನದ್ದೋ, ಒಂದು ವಾರದ್ದೋ?" ಎಂದು ಕೇಳಿದರು. ಕಾಶೀಬಾಯಿ ಬೆರಳು ಮಡಿಚಿ ಎಣಿಸಿ, "ಲಗ್ನ ಆದಾಗಿಂದ ಅದರಿ" ಅಂದಳು. ಅವರು ಅದನ್ನೂ ಬರೆದುಕೊಂಡರು.

ಅವರು ಆಳಂದಕ್ಕೆ ಬಂದದ್ದು ಮೂರು ತಿಂಗಳ ತರಬೇತಿ ನಡೆಸಲು. ಬಸ್ ಸ್ಟ್ಯಾಂಡಿನ ಹಿಂದೆ ಬೀಜ ಗೊಬ್ಬರದ ಅಂಗಡಿಯ ಮಾಳಿಗೆ ಮೇಲೆ ಒಂದು ಉದ್ದನೆಯ ಕೋಣೆ. ಬಾಗಿಲಿಗೆ 'ತಂಡದ ಕೆಲಸ ಮತ್ತು ಯೋಜನಾ ನಿರ್ವಹಣೆ' ಎಂಬ ಬ್ಯಾನರು. ಅದಕ್ಕೂ ಮುಂಚಿನ ತಂಡಕ್ಕೆ ಅದೇ ಕೋಣೆಯಲ್ಲಿ ಹೊಲಿಗೆ ಕಲಿಸಿದ್ದರಿಂದ ನಾವು ಇದೂ ಹೊಲಿಗೆಯೇ ಎಂದು ತಿಳಿದು ಹೆಸರು ಕೊಟ್ಟಿದ್ದೆವು. ಒಟ್ಟು ಹನ್ನೊಂದು ಜನ. ಒಂಬತ್ತು ಹೆಂಗಸರು, ಟಂಟಂ ಆಟೊ ಹೊಡೆಯುವ ಅಂಬರಾಯ ಮತ್ತು ಅವನ ತಮ್ಮ. ಎಲ್ಲರಿಗಿಂತ ಹಿರಿಯಳು ಕಾಶೀಬಾಯಿ. ಅವಳು ಕತ್ತರಿಯನ್ನೂ ಚೀಲದಲ್ಲಿ ತಂದಿದ್ದಳು.

"ಕತ್ತರಿ ಯಾಕೆ?" ಎಂದು ಸರ್ ಕೇಳಿದರು.

"ಹೊಲಿಗಿಗಿರಿ."

"ಇದು ಹೊಲಿಗೆ ಅಲ್ಲ. ಆದ್ರೆ ಕತ್ತರಿ ಬೇಕು." ಹಳೆಯ ರಟ್ಟಿನ ಡಬ್ಬಿಗಳನ್ನು ಮುಂದಿಟ್ಟು, ಅಂಗೈಯಗಲದ ಚೀಟಿ ಕತ್ತರಿಸಲು ಹೇಳಿದರು. ಮೂರು ತಿಂಗಳು ಚೀಟಿ ಕತ್ತರಿಸುವ ಹಕ್ಕನ್ನು ಕಾಶೀಬಾಯಿ ಯಾರಿಗೂ ಬಿಟ್ಟುಕೊಡಲಿಲ್ಲ.

ಸರ್ ಮೈಸೂರಿನ ಕಡೆಯವರು. ಸಣಕಲು ಮೈ. ಆಳಂದದ ಬೇಸಿಗೆಯಲ್ಲೂ ತುಂಬುತೋಳಿನ ಅಂಗಿಯ ಗುಂಡಿ ಮಣಿಕಟ್ಟಿನವರೆಗೆ ಹಾಕಿಕೊಳ್ಳುತ್ತಿದ್ದರು. ನಗುತ್ತಿರಲಿಲ್ಲ, ಸಿಟ್ಟಾಗುತ್ತಲೂ ಇರಲಿಲ್ಲ. ನಾವು ಮಾತಾಡುವಾಗ ಪೆನ್ನಿಗೆ ಮುಚ್ಚಳ ಹಾಕುತ್ತಿದ್ದರು, ನಮ್ಮ ಮಾತು ನಿಂತ ಮೇಲೆ ತೆಗೆಯುತ್ತಿದ್ದರು. ಅವರು ಯಾವುದೋ ಕಾರ್ಖಾನೆಯಲ್ಲಿ ಇಪ್ಪತ್ತು ವರ್ಷ ಕೆಲಸ ಮಾಡಿದ್ದರು, ಅದು ಮುಚ್ಚಿಹೋಗಿತ್ತು. ಮನೆ ಮಕ್ಕಳ ಬಗ್ಗೆ ಕೇಳಿದರೆ, "ಅದು ಈ ವಾರದ ಕೆಲಸದಲ್ಲಿಲ್ಲ" ಎನ್ನುತ್ತಿದ್ದರು. ಊಟ ಖಾನಾವಳಿಯಲ್ಲಿ. ಅಡುಗೆಮನೆಯ ವಿಷಯ ಅವರಿಗೆ ಏನೂ ಗೊತ್ತಿರಲಿಲ್ಲ ಎಂಬುದನ್ನು ಇಲ್ಲಿ ಹೇಳಿಬಿಡುವುದು ಒಳ್ಳೆಯದು.

ಮೊದಲ ದಿನ ಪಾಠವೇ ಇರಲಿಲ್ಲ. ಎರಡು ಗ್ಯಾಸ್ ಒಲೆ, ಎರಡು ಹಂಚು, ಜೋಳದ ಹಿಟ್ಟು ತರಿಸಿದ್ದರು. ಎರಡು ಗುಂಪು ಮಾಡಿ, ಇಪ್ಪತ್ತಿಪ್ಪತ್ತು ರೊಟ್ಟಿ ಮಾಡಿರಿ ಅಂದರು. ಒಂದು ಗುಂಪು ಒಂದು ರೊಟ್ಟಿ ಬಡಿದು, ಬೇಯಿಸಿ, ಆಮೇಲೆ ಇನ್ನೊಂದಕ್ಕೆ ಕೈ ಹಾಕಬೇಕು. ಇನ್ನೊಂದು ಗುಂಪು ಇಪ್ಪತ್ತನ್ನೂ ಬಡಿದಿಟ್ಟು, ಆಮೇಲೆ ಇಪ್ಪತ್ತನ್ನೂ ಬೇಯಿಸಬೇಕು. ಎರಡನೆಯ ಗುಂಪಿನ ರೊಟ್ಟಿಗಳು ಹಂಚಿಗೆ ಹೋಗುವ ಮೊದಲೇ ಒಣಗಿ ಬಿರಿದುಬಿಟ್ಟವು.

"ಹಿಂಗ್ ಮಾಡಿದ್ರ ಒಣಗತಾವ ಅಂತ ಸಣ್ಣ ಕೂಸಿಗೂ ಗೊತ್ತದರಿ ಸರ್" ಎಂದಳು ಕಾಶೀಬಾಯಿ.

"ನನಗೆ ಗೊತ್ತಿರಲಿಲ್ಲ" ಅಂದರು ಸರ್. "ಕಾರ್ಖಾನೆಯಲ್ಲಿ ಇಪ್ಪತ್ತು ವರ್ಷ ಹೀಗೇ ಮಾಡಿಸಿದ್ದೇನೆ."

ಹೀಗೆ ನಮಗೆ ಗೊತ್ತಿದ್ದುದನ್ನೇ ನಮ್ಮ ಕೈಯಿಂದ ಮಾಡಿಸಿ, ಅದಕ್ಕೊಂದು ಇಂಗ್ಲಿಷ್ ಹೆಸರು ಕೊಡುವುದು ಅವರ ಪಾಠದ ರೀತಿ. ಎರಡು ವಾರದ ಒಂದು ಸುತ್ತಿನ ಕೆಲಸಕ್ಕೆ ಸ್ಪ್ರಿಂಟ್ ಅನ್ನುತ್ತಾರಂತೆ. ನಮಗೆ ಅದು ಪ್ರಿಂಟ್ ಎಂದೇ ಕೇಳಿಸಿತು. "ಈ ಪ್ರಿಂಟ್‌ನಾಗ ಚಟ್ನಿ ಬ್ಯಾಡ್ರಿ, ಮುಂದಿನ ಪ್ರಿಂಟ್‌ನಾಗ ನೋಡೂಣು" ಎಂದು ನಾವು ಮಾತಾಡಿಕೊಳ್ಳುವುದನ್ನು ಕೇಳಿಯೂ ಅವರು ತಿದ್ದಲಿಲ್ಲ. ಎರಡನೇ ತಿಂಗಳ ಹೊತ್ತಿಗೆ ಅವರೂ ಪ್ರಿಂಟ್ ಅನ್ನತೊಡಗಿದ್ದರು. ಕೆಲಸದ ಗಾತ್ರ ಅಂದಾಜು ಮಾಡಲು ಚಿಕ್ಕದು, ದೊಡ್ಡದು ಎಂದು ಕಲಿಸಲು ಹೋದರು. ನಾವು ಪಾವು, ಸೇರು ಅಂದೆವು. ಒಲೆ ಹಚ್ಚುವುದು ಪಾವು ಕೆಲಸ, ಹಿಟ್ಟು ಬೀಸಿಸಿಕೊಂಡು ಬರುವುದು ಎರಡು ಸೇರು ಕೆಲಸ.

ದಿನಾ ಬೆಳಿಗ್ಗೆ ಎಲ್ಲರೂ ದುಂಡಗೆ ನಿಂತು ಮೂರು ಪ್ರಶ್ನೆಗೆ ಉತ್ತರ ಹೇಳಬೇಕಿತ್ತು. ನಿನ್ನೆ ಏನು ಮಾಡಿದಿರಿ, ಇವತ್ತು ಏನು ಮಾಡುತ್ತೀರಿ, ಏನು ಅಡ್ಡ ಬಂದಿದೆ. ನಿಂತೇ ಯಾಕೆ ಎಂಬುದು ನಮಗೆ ತಿಳಿಯಲಿಲ್ಲ.

"ಕುಂದರ್ರಿ ಸರ್, ನಿಂತು ಮಾತಾಡಿದ್ರ ಜಗಳ ಆಡಾಕತ್ತಾರ ಅಂತಾರ ಕೆಳಗಿನ ಮಂದಿ" ಎಂದು ಕಾಶೀಬಾಯಿ ಚಾಪೆ ಹಾಸಿದಳು.

"ಕೂತರೆ ಒಂದು ಗಂಟೆ ಆಗುತ್ತೆ" ಎಂದು ಸರ್ ಚಾಪೆ ಸುತ್ತಿಟ್ಟರು. ಮೂರನೆಯ ಪ್ರಶ್ನೆಗೆ ಒಂಬತ್ತು ಹೆಂಗಸರಲ್ಲಿ ಆರು ಜನ 'ಅತ್ತಿ' ಎಂದು ಉತ್ತರ ಕೊಟ್ಟೆವು. ಅವರು ಒಂದು ಚೀಟಿಯ ಮೇಲೆ 'ಅತ್ತೆ' ಎಂದು ಬರೆದು, ಕೆಳಗೆ 'ಆರು' ಎಂದು ಸೇರಿಸಿ, ಗೋಡೆಯ ಮೇಲಿನ ಅಡ್ಡಿಗಳ ಸಾಲಿನಲ್ಲಿ ಅಂಟಿಸಿದರು.

ಆ ಗೋಡೆಯೇ ನಮ್ಮ ಪುಸ್ತಕ. ಅದರ ಮೇಲೆ ಮೂರು ಕಂಬ ಎಳೆದಿದ್ದರು. 'ಮಾಡಬೇಕು', 'ನಡೆದಿದೆ', 'ಮುಗಿಯಿತು'. ಕೆಲಸದ ಚೀಟಿ ಮೊದಲ ಕಂಬದಿಂದ ಹೊರಟು ಮೂರನೆಯದಕ್ಕೆ ಹೋಗಬೇಕು. ಮೊದಲ ವಾರವೆಲ್ಲ ಮೂರನೆಯ ಕಂಬ ಬರಿದಾಗಿಯೇ ಉಳಿಯಿತು. ರೊಟ್ಟಿ ಆಗಿದ್ದವು, ಎಲ್ಲರೂ ತಿಂದೂ ಆಗಿತ್ತು, ಚೀಟಿ ಮಾತ್ರ ಎರಡನೆಯ ಕಂಬದಿಂದ ಕದಲುತ್ತಿರಲಿಲ್ಲ. ಯಾಕೆಂದು ಸರ್ ಕೇಳಿದರು.

"ರೊಟ್ಟಿ ಮುಗೀತು ಅಂತ ಹ್ಯಾಂಗ್ ಬರೀಬೇಕ್ರಿ?" ಎಂದಳು ಕಾಶೀಬಾಯಿ. "ಹಂಗ ಅನಬಾರ್ದು. ಅನ್ನದ ಪದಾರ್ಥಕ್ಕ ಮುಗೀತು ಅಂದ್ರ ಮನ್ಯಾಗ ಏನ್ ಉಳೀತ್ರಿ?"

ಸರ್ ಪೆನ್ನಿನ ಮುಚ್ಚಳ ತೆಗೆದು 'ಮುಗಿಯಿತು' ಎಂಬುದನ್ನು ಹೊಡೆದುಹಾಕಿ 'ಆತು' ಎಂದು ಬರೆದರು. ಐದು ನಿಮಿಷದಲ್ಲಿ ಹದಿನಾಲ್ಕು ಚೀಟಿ ಆ ಕಂಬಕ್ಕೆ ಬಂದವು. ಇನ್ನೂ ಏನೇನು ಅನ್ನಬಾರದು ಎಂದು ಅವರು ಆ ದಿನವೇ ಕೇಳಬೇಕಿತ್ತು. ಕೇಳಲಿಲ್ಲ. ನಾವೂ ಹೇಳಲಿಲ್ಲ, ಯಾಕೆಂದರೆ ಅನ್ನಬಾರದ್ದನ್ನು ಹೇಳುವುದು ಹೇಗೆ?

ಗೋಡೆಯ ಮೇಲೆ ಅವರದೇ ಒಂದು ಚೀಟಿಯೂ ಇತ್ತು. ಮೊದಲ ದಿನವೇ ಅಂಟಿಸಿದ್ದರು. 'ಅಫಜಲಪುರ, ಜೇವರ್ಗಿ: ಒಪ್ಪಿಗೆ'. ಏನದು ಎಂದು ನಾನು ಕೇಳಿದ್ದಕ್ಕೆ ಮುಚ್ಚುಮರೆ ಇಲ್ಲದೆ ಹೇಳಿದರು.

"ಕೊನೆಯಲ್ಲಿ ನೀವೊಂದು ನಿಜವಾದ ಕೆಲಸ ಮಾಡಿ ತೋರಿಸ್ಬೇಕು. ಅದು ಸರಿಯಾಗಿ ನಡೆದ್ರೆ ನನಗೆ ಈ ಎರಡು ತಾಲ್ಲೂಕು ಕೊಡ್ತಾರೆ. ನಡೀದಿದ್ರೆ ನನಗೆ ಕೆಲಸ ಇಲ್ಲ. ಐವತ್ತಾರು ವರ್ಷದವನನ್ನ ಬೇರೆ ಯಾರೂ ಕರೆಯಲ್ಲ. ನಿಮಗೆ ಗೊತ್ತಿರಲಿ ಅಂತ ಹಾಕಿದ್ದೇನೆ."

ಅದನ್ನು ಅವರು ಹೇಳಿದ ಧಾಟಿ, ಬಸ್ಸು ಎಷ್ಟು ಗಂಟೆಗೆ ಎಂದು ಹೇಳಿದ ಹಾಗಿತ್ತು. ನನಗೆ ಮಾತ್ರ ಅಂದು ಊಟ ಸೇರಲಿಲ್ಲ. ನಾನು ಕಿಣ್ಣಿ ಸುಲ್ತಾನ ಎಂಬ ಹಳ್ಳಿಯಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದೆ. ನನ್ನ ಬದುಕಿನಲ್ಲಿ ಯಾವ ಗಂಡಸೂ ತನ್ನ ಹೆದರಿಕೆಯನ್ನು ಬರೆದು ಗೋಡೆಗೆ ಅಂಟಿಸಿದ್ದನ್ನು ನೋಡಿರಲಿಲ್ಲ. ಅದು ಹೆದರಿಕೆ ಎಂದು ತಿಳಿಯುವುದಕ್ಕೂ ನನಗೆ ಮೂರು ವರ್ಷ ಬೇಕಾಯಿತು.

ನಿಜವಾದ ಕೆಲಸ ಸಿಕ್ಕಿತು. ಊರಿನ ಒಂದು ವಿದ್ಯಾರ್ಥಿನಿಲಯಕ್ಕೆ ಎರಡು ವಾರ ದಿನಾ ಬೆಳಿಗ್ಗೆ ಎಂಟೂವರೆಗೆ ಮುನ್ನೂರು ರೊಟ್ಟಿ. ಎಂಟು ದಿನ ಒಂದೂ ತಪ್ಪಲಿಲ್ಲ. ಹುಡುಗರು ಹಳೆಯ ಅಡುಗೆಯವನ ಚಪಾತಿಯನ್ನು ಮರೆತರು. ನಾವು ನಡೆಯುವ ರೀತಿಯೇ ಬದಲಾಗಿತ್ತು ಎಂದು ನನ್ನ ಗಂಡ ಅಂದ. ಒಂಬತ್ತನೆಯ ದಿನ ಕಲಬುರಗಿಯಿಂದ ಸಾಹೇಬರು ನೋಡಲು ಬರುವವರಿದ್ದರು. ಎರಡು ತಾಲ್ಲೂಕು ಕೊಡುವುದೋ ಬಿಡುವುದೋ ಅವರ ಕೈಯಲ್ಲಿತ್ತು. ಅವರು ಬರುವ ಚೀಟಿಯೂ ಗೋಡೆಯ ಮೇಲಿತ್ತು.

ಎಂಟನೆಯ ದಿನ ಸಂಜೆ ಹಿಟ್ಟಿನ ಡಬ್ಬಿ ನೋಡುವ ಪಾಳಿ ನನ್ನದು. ಡಬ್ಬಿಯ ತಳ ಕಾಣುತ್ತಿತ್ತು. ಮನೆಯಲ್ಲಿ ಹೇಗೆ ಹೇಳುತ್ತೇವೋ ಹಾಗೆಯೇ ಚೀಟಿಯ ಮೇಲೆ ಬರೆದೆ: 'ಹಿಟ್ಟು ಹೆಚ್ಚಾಗ್ಯಾದ'. ಅಂಟಿಸಿ ಬಸ್ಸಿಗೆ ಓಡಿದೆ.

ನಮ್ಮ ಕಡೆ ಹಿಟ್ಟು, ಅಕ್ಕಿ, ಎಣ್ಣೆ ತೀರಿದವು ಎಂದು ಹೆಣ್ಣುಮಕ್ಕಳು ಬಾಯಿಬಿಟ್ಟು ಹೇಳುವುದಿಲ್ಲ. ಹೆಚ್ಚಾಗ್ಯಾವ ಅನ್ನುತ್ತೇವೆ. ಹೆಚ್ಚಾಗ್ಯಾದ ಅಂದರೆ ಡಬ್ಬಿ ಖಾಲಿ, ಈಗಲೇ ತರಬೇಕು ಅಂತ. ಖಾನಾವಳಿಯಲ್ಲಿ ಉಣ್ಣುವವರಿಗೆ ಇದು ತಿಳಿಯುವ ದಾರಿಯೇ ಇಲ್ಲ. ಸರ್ ರಾತ್ರಿ ಕೋಣೆಗೆ ಬೀಗ ಹಾಕುವ ಮೊದಲು ಚೀಟಿ ಓದಿದರು. ಹಿಟ್ಟು ಮಿಕ್ಕಿದೆ ಎಂದು ತಿಳಿದು, ಬೆಳಿಗ್ಗೆ ಐದಕ್ಕೆ ಗಿರಣಿಗೆ ಹೋಗುವ ಚೀಟಿಯನ್ನು ಎರಡು ದಿನ ಮುಂದಕ್ಕೆ ಹಾಕಿದರು. ಅಂಬರಾಯನಿಗೆ ಫೋನ್ ಮಾಡಿ, ನಾಳೆ ಬೇಗ ಏಳುವುದು ಬೇಡ ಎಂದರು. ನನ್ನ ಚೀಟಿಯ ಕೆಳಗೆ 'ಒಳ್ಳೆಯ ಕೆಲಸ' ಎಂದು ಬರೆದರು. ಮೂರು ತಿಂಗಳಲ್ಲಿ ಅವರು ನಮ್ಮನ್ನು ಹೊಗಳಿದ್ದು ಅದೊಂದೇ ಸಲ. ಅದು ಖಾಲಿ ಡಬ್ಬಿಗೆ ಹೋಯಿತು.

ಬೆಳಿಗ್ಗೆ ಆರಕ್ಕೆ ನಾವು ಡಬ್ಬಿಯ ಸುತ್ತ ನಿಂತಿದ್ದೆವು. ಗಿರಣಿಯವ ಮೊದಲೇ ಹೇಳಿದರಷ್ಟೇ ಐದಕ್ಕೆ ತೆಗೆಯುತ್ತಿದ್ದ, ಇಲ್ಲದಿದ್ದರೆ ಎಂಟಕ್ಕೆ. ಅಕ್ಕಪಕ್ಕದ ಮನೆಗಳಲ್ಲಿ ಕೇಳಿ ತಂದ ಹಿಟ್ಟಿನಲ್ಲಿ ಅರವತ್ತು ರೊಟ್ಟಿ ಆದವು. ಮುನ್ನೂರರ ಜಾಗದಲ್ಲಿ ಅರವತ್ತು. ಉಳಿದ ಹುಡುಗರು ಉಪ್ಪಿಟ್ಟು ತಿಂದರು. ಅಂಬರಾಯ ತನ್ನ ಮೊಬೈಲಿನಲ್ಲಿ ಸರ್ ಮಾಡಿದ ಕರೆಯನ್ನು ಎಲ್ಲರಿಗೂ ತೋರಿಸಿದ. ಸರ್ ನನ್ನ ಚೀಟಿಯನ್ನು ಕೈಯಲ್ಲಿ ಹಿಡಿದು, ಹೆಚ್ಚಾಗ್ಯಾದ ಅಂದರೆ ಏನೆಂದು ಕಾಶೀಬಾಯಿಯಿಂದ ಎರಡು ಸಲ ಕೇಳಿ ತಿಳಿದುಕೊಂಡರು. ಬರೆದವಳು ನಾನು. ಓದಿದವರು ಅವರು. ಸಾಹೇಬರು ಹತ್ತಕ್ಕೆ ಬರುವವರು.

ಸರ್ ವಾರ್ಡನ್ನರ ಬಳಿ ಹೋಗಿ ಬರುವಷ್ಟರಲ್ಲಿ ನಾವು ಒಂದು ಯೋಜನೆ ಹಾಕಿದೆವು. ಅದನ್ನು ಮೊದಲು ಹೇಳಿದವಳು ನಾನೇ.

"ಗಿರಣ್ಯಾಗ ಕರೆಂಟ್ ಹೋಗಿತ್ತು ಅನ್ನೂಣು. ಯಾರ್ ಕೇಳ್ತಾರ?"

ಆಳಂದದಲ್ಲಿ ಕರೆಂಟ್ ಹೋಗಿತ್ತು ಎಂದರೆ ಯಾರೂ ಎದುರು ಮಾತಾಡುವುದಿಲ್ಲ. ಯಾರು ಏನು ಹೇಳಬೇಕು ಎಂದು ಹಂಚಿಕೊಂಡೆವು. ಕಾಶೀಬಾಯಿ ತಂತಿಯಲ್ಲಿ ಕಿಡಿ ಹಾರಿದ್ದನ್ನು ನೋಡಬೇಕು. ಅಂಬರಾಯ ಜೋಳದ ಚೀಲ ಹೊತ್ತು ಒಂದು ತಾಸು ಕಾಯಬೇಕು. ಎಲ್ಲ ನಾಲ್ಕು ನಿಮಿಷದಲ್ಲಿ ಆಯಿತು, ಅದೂ ನಿಂತುಕೊಂಡೇ.

ಸಾಹೇಬರು ಬಂದರು. ಒಬ್ಬೊಬ್ಬರನ್ನೇ ಕೇಳಿದರು. ಹನ್ನೊಂದು ಜನವೂ ಒಂದಕ್ಷರ ತಪ್ಪದೆ ಹೇಳಿದೆವು. ಕಾಶೀಬಾಯಿಯ ಕಿಡಿ ನೀಲಿ ಬಣ್ಣದ್ದಾಗಿತ್ತು. ಸಾಹೇಬರು ತಲೆಯಾಡಿಸಿ ಬರೆದುಕೊಂಡರು. ಕೊನೆಗೆ ಸರ್ ಕಡೆ ತಿರುಗಿ, "ಕರೆಂಟಿಂದ ತ್ರಾಸ್ ಆಗ್ಯಾದ, ಹೌದಲ್ಲೇನ್ರಿ?" ಎಂದರು. ಹೂಂ ಅಂದಿದ್ದರೆ ಸಾಕಿತ್ತು.

ಸರ್ ಪೆನ್ನಿನ ಮುಚ್ಚಳ ತೆಗೆದರು. "ಕರೆಂಟ್ ಇತ್ತು. ಚೀಟಿ ಸರಿಯಾಗಿತ್ತು. ನಾನು ತಪ್ಪು ಓದಿದೆ. ಗಿರಣಿಗೆ ಹೋಗ್ಬೇಡಿ ಅಂತ ಹೇಳಿದ್ದು ನಾನೇ."

ಸಾಹೇಬರು ನಮ್ಮನ್ನೆಲ್ಲ ಒಮ್ಮೆ ನೋಡಿದರು. "ಹಂಗಾದ್ರ ಇವರೆಲ್ಲಾ ಸುಳ್ಳು ಹೇಳಾಕತ್ತಾರೇನ್ರಿ?"

ಸರ್ ಪೆನ್ನಿಗೆ ಮುಚ್ಚಳ ಹಾಕಿದರು. "ಇವರು ತಂಡವಾಗಿ ಕೆಲಸ ಮಾಡ್ತಿದ್ದಾರೆ" ಅಂದರು.

ಸಾಹೇಬರು ನಗಲಿಲ್ಲ. 'ಸ್ಥಳೀಯ ಭಾಷೆಯ ಅರಿವಿಲ್ಲ' ಎಂದು ಬರೆದು ಸಹಿ ಹಾಕಿ ಎದ್ದರು. ಅವರನ್ನು ಬೀಳ್ಕೊಡಲು ಸರ್ ಕೆಳಗೆ ಹೋದರು. ಮಾಳಿಗೆಯ ಮೇಲೆ ನಾವು ಉಳಿದೆವು. ಮೂರು ತಿಂಗಳಲ್ಲಿ ನಾವು ಎಲ್ಲೂ ಎಡವದೆ ಮಾಡಿದ ಒಂದೇ ಒಂದು ಕೆಲಸವನ್ನು ಕಲಿಸಿದವರೇ ಕೆಡಿಸಿಬಿಟ್ಟರು ಎಂದು ಎಲ್ಲರಿಗೂ ಸಿಟ್ಟು ಬಂದಿತ್ತು.

ಪ್ರತಿ ಶನಿವಾರ ಕುಳಿತು ಆ ವಾರ ಏನು ಚಲೋ ಆಯಿತು, ಏನು ಆಗಲಿಲ್ಲ ಎಂದು ಮಾತಾಡುವ ರೂಢಿಯಿತ್ತು. ಅಂದು ಮಾತ್ರ ಚಾಪೆಗೆ ಅನುಮತಿ. ಯಾರಿಂದ ತಪ್ಪಾಯಿತು ಎಂದು ಕೇಳುವಂತಿಲ್ಲ, ಯಾವುದರಿಂದ ಎಂದು ಕೇಳಬೇಕು. ಆ ಶನಿವಾರ ಕಾಶೀಬಾಯಿ ಮೊದಲು ಮಾತಾಡಿದಳು.

"ಚಲೋ ಆಗಿದ್ದು, ನಾವೆಲ್ಲಾ ಒಂದೇ ಮಾತು ಹೇಳೀವಿ. ಚಲೋ ಆಗಲಾರದ್ದು, ನೀವರಿ."

ಸರ್ ಎರಡನ್ನೂ ಬರೆದುಕೊಂಡರು.

"ಯಾಕ್ರಿ ಸರ್?" ಎಂದು ನಾನು ಕೇಳಿಯೇಬಿಟ್ಟೆ. "ಹೂಂ ಅಂದಿದ್ರ ಏನ್ ಹೋಗ್ತಿತ್ರಿ ನಿಮ್ದು?"

"ಕರೆಂಟ್ ಅಂತ ಬರೆದಿದ್ರೆ ಮುಂದಿನ ವಾರ ನಾವು ಕರೆಂಟಿಗೆ ಏನಾದ್ರೂ ಮಾಡ್ತಿದ್ವಿ. ಡಬ್ಬಿ ಮತ್ತೆ ಖಾಲಿ ಆಗ್ತಿತ್ತು." ಅಷ್ಟು ಹೇಳಿ, ಡಬ್ಬಿಯ ಒಳಗೆ ಸುಣ್ಣದಿಂದ ಒಂದು ಗೆರೆ ಎಳೆಯಲು ಅಂಬರಾಯನ ತಮ್ಮನಿಗೆ ಹೇಳಿದರು. ಹಿಟ್ಟು ಗೆರೆಗಿಂತ ಕೆಳಗೆ ಇಳಿದರೆ ಗಿರಣಿ. ಯಾರೂ ಏನೂ ಅನ್ನಬೇಕಾಗಿಲ್ಲ, ಬರೆಯಬೇಕಾಗಿಲ್ಲ.

ಉಳಿದ ದಿನಗಳಲ್ಲಿ ರೊಟ್ಟಿ ತಪ್ಪಲಿಲ್ಲ. ವಾರ್ಡನ್ನರು ನಮ್ಮ ಆರ್ಡರ್ ಮುಂದುವರಿಸಿದರು, ಅದು ಇವತ್ತಿಗೂ ನಡೆದಿದೆ. ಅಫಜಲಪುರ ಮತ್ತು ಜೇವರ್ಗಿ ಬೇರೆಯವರಿಗೆ ಹೋದವು. ಸರ್ ತಮ್ಮ ಚೀಟಿಯನ್ನು ಗೋಡೆಯಿಂದ ಕಿತ್ತು ಅಂಗಿಯ ಜೇಬಿನಲ್ಲಿ ಇಟ್ಟುಕೊಂಡು ಕಲಬುರಗಿ ಬಸ್ಸು ಹತ್ತಿದರು. ಕಿಟಕಿಯಿಂದ ಕೈ ಬೀಸುತ್ತಾರೆ ಎಂದು ನಾವು ಕಾದೆವು. ಅವರು ಗಡಿಯಾರ ನೋಡಿಕೊಳ್ಳುತ್ತಿದ್ದರು. ಆಮೇಲೆ ಅವರಿಗೆ ಎಲ್ಲೂ ಕೆಲಸ ಸಿಗಲಿಲ್ಲ ಎಂದು ಕೇಳಿದೆ. ನನಗೆ ಬಹಳ ಸಂಕಟವಾಯಿತು, ಜೊತೆಗೆ ಸಿಟ್ಟೂ ಹೋಗಿರಲಿಲ್ಲ.

ಮೂರು ವರ್ಷದ ಮೇಲೆ ಒಂದು ಸಂಸ್ಥೆಯವರು ನನ್ನನ್ನೇ ಅಫಜಲಪುರ ತಾಲ್ಲೂಕಿನ ಗೊಬ್ಬೂರಿಗೆ ಕಲಿಸಲು ಕರೆದರು. ಅಲ್ಲಿ ಹನ್ನೆರಡು ಹೆಂಗಸರು ತೊಗರಿಬೇಳೆ ಹಸನು ಮಾಡಿ ಚೀಲ ಕಟ್ಟುತ್ತಿದ್ದರು. ಇದು ಚಲೋ ನಡೆದರೆ ಮುಂದೆ ಜೇವರ್ಗಿಯದೂ ನಿಮಗೇ ಎಂದು ಹೇಳಿದ್ದರು. ಒಂದು ಕಾಲಕ್ಕೆ ಚೀಟಿಯ ಮೇಲೆ ಅಡ್ಡಿಯಾಗಿದ್ದ ನಮ್ಮ ಅತ್ತೆ, ಓಣಿಯಲ್ಲೆಲ್ಲ "ನಮ್ಮ ಸೊಸಿ ಟೀಚರ್ ಆಗ್ಯಾಳ" ಎಂದು ಹೇಳಿಕೊಂಡು ತಿರುಗುತ್ತಿದ್ದಳು. ಸೋಮವಾರ ಕಲಬುರಗಿಯ ಅಂಗಡಿಗೆ ಮುಟ್ಟಬೇಕಾದ ಬೇಳೆಯನ್ನು ನಾನು ಮಂಗಳವಾರ ಎಂದು ಓದಿ ಹಾಗೇ ಬರೆದೆ. ಅಂಗಡಿಯವರು ಬೇರೆ ಕಡೆ ಬೇಳೆ ತೆಗೆದುಕೊಂಡರು. ವಿಚಾರಿಸಲು ಸಂಸ್ಥೆಯ ಮೇಡಂ ಬಂದರು. ನಾನು ಬಾಯಿ ತೆರೆಯುವ ಮೊದಲೇ ಹನ್ನೆರಡು ಹೆಂಗಸರು ನನ್ನ ಹಿಂದೆ ಸಾಲಾಗಿ ನಿಂತಿದ್ದರು.

"ಬಸ್ ಬರ್ಲಿಲ್ರಿ ಮೇಡಂ" ಎಂದಳು ಮುಂದಿನವಳು. ಉಳಿದವರು ಹೌದ್ರಿ, ಹೌದ್ರಿ ಅಂದರು.

ಇದನ್ನು ನಾನು ಅವರಿಗೆ ಕಲಿಸಿರಲಿಲ್ಲ. ಮೇಡಂ ನನ್ನ ಮುಖ ನೋಡಿದರು. ಜೇವರ್ಗಿ ನನ್ನ ಕಣ್ಣ ಮುಂದೆ ಇತ್ತು, ಅತ್ತೆಯೂ ಇದ್ದಳು. "ಬಸ್ ಬಂದಿತ್ರಿ" ಅಂದೆ. "ವಾರ ನಾನೇ ತಪ್ಪ ಓದೀನಿ."

ಜೇವರ್ಗಿ ಇನ್ನೊಬ್ಬರಿಗೆ ಹೋಯಿತು. ಆ ಸಂಜೆಯೇ ಗೊಬ್ಬೂರಿನ ನಿಲ್ದಾಣದಲ್ಲಿ ನಿಂತು ಸರ್‌ಗೆ ಫೋನ್ ಮಾಡಿದೆ. ಆದದ್ದನ್ನೆಲ್ಲ ಹೇಳಿದೆ. ಶಭಾಷ್ ಅನ್ನುತ್ತಾರೇನೋ ಎಂಬ ಆಸೆ ಇತ್ತು, ಸುಳ್ಳು ಯಾಕೆ ಹೇಳಲಿ.

"ಮುಂದಿನ ಸಲ ಏನು ಬದಲಾಯಿಸ್ತೀರಿ?" ಎಂದರು.

"ವಾರದ ಜೋಡಿ ತಾರೀಖೂ ಬರೀತೇನ್ರಿ."

"ಸರಿ."

ಮಾತಾದ ಕೂಡಲೇ ಫೋನ್ ಇಟ್ಟುಬಿಡುವುದು ಅವರ ಪದ್ಧತಿ. ಅಂದು ಇಡಲಿಲ್ಲ. ಆ ಕಡೆ ಯಾರದೋ ಮನೆಯ ಕುಕ್ಕರು ಎರಡು ಸಲ ಕೂಗಿತು.

"ಶಿವಲೀಲಾ, ಆವತ್ತು ಸಾಹೇಬರ ಜೀಪ್ ಹೋದ್ಮೇಲೆ ಬೀಜದ ಅಂಗಡಿ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಯಾರಾದ್ರೂ ಒಬ್ಬರು ಕೆಳಗೆ ಬರ್ತೀರೇನೋ ಅಂತ ನೋಡ್ತಾ ಇದ್ದೆ" ಅಂದರು.

ಯಾರೂ ಹೋಗಿರಲಿಲ್ಲ. ಹನ್ನೊಂದು ಜನವೂ ಮಾಳಿಗೆಯ ಮೇಲೆ ಕುಳಿತು ಅವರನ್ನು ಬೈಯುತ್ತಿದ್ದೆವು.